ನೀರು ಸೋರದ ಜೇನುಪೆಟ್ಟಿಗೆ

ನಾನು ಮಾಡಿಕೊಟ್ಟ ಜೇನುಪೆಟ್ಟಿಗೆ ಸರಿಯಿಲ್ಲ ಎಂದು ಎಕಂಬಾದ ರೈತರೊಬ್ಬರು ಔರಾದ ಸಂತೆಯಲ್ಲಿ, ಚಹಾದ ಅಂಗಡಿಯ ಮುಂದೆ, ಹತ್ತು ಮಂದಿ ಕೇಳುವಂತೆ ಹೇಳಿದರು. ಅದರಿಂದಾಗಿಯೇ ನಾನು ಹುಟ್ಟಿದ ಮೇಲೆ ಮೊದಲ ಸಲ ಸಮುದ್ರ ನೋಡಿದ್ದು.

ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ನನ್ನ ಮನೆ ಚಿದ್ರಿಯಲ್ಲಿ, ಕೆಲಸ ಬಡಿಗತನ. ಸಾಲಿ ಬಿಟ್ಟದ್ದು ಮೂರನೆಯ ಇಯತ್ತೆಯಲ್ಲಿ, ಅದೂ ಉರ್ದು ಸಾಲಿ. ಕನ್ನಡ ಓದುವುದನ್ನು ಅಂಗಡಿಗಳ ಬೋರ್ಡು ನೋಡಿ ನಾನೇ ಕಲಿತೆ, ಓದುವಾಗ ಬೆರಳಿಡಬೇಕಾಗುತ್ತಿತ್ತು. ಆದರೆ ಕೆಲಸದ ವಿಷಯಕ್ಕೆ ಯಾರೂ ನನಗೆ ಬೆರಳು ತೋರಿಸಿದ್ದಿಲ್ಲ. ಖಟಕ ಚಿಂಚೋಳಿಯಿಂದ ಭಾಲ್ಕಿಯವರೆಗೆ ನಾನು ಕೂರಿಸಿದ ಬಾಗಿಲುಗಳು ಇಂದಿಗೂ ಇವೆ. ಮಳೆಗಾಲದಲ್ಲೂ ಅವು ಕಿರುಗುಟ್ಟುವುದಿಲ್ಲ.

ಇದು ಅಪ್ಪ ಕಲಿಸಿದ ವಿದ್ಯೆ. ಪೆಟ್ಟಿಗೆ ಮುಗಿದ ಮೇಲೆ ಅಪ್ಪ ಅದರಲ್ಲಿ ಒಂದು ಕೊಡ ನೀರು ಸುರಿದು, ಕೆಳಗೆ ಒಣ ಬೂದಿ ಹರವುತ್ತಿದ್ದರು. ಆಮೇಲೆ ಒಂದು ಬೀಡಿ ಸೇದುತ್ತಿದ್ದರು. ಬೀಡಿ ಮುಗಿಯುವುದರೊಳಗೆ ಬೂದಿಯ ಮೇಲೆ ಒಂದು ಹನಿ ಬಿದ್ದರೂ ಪೆಟ್ಟಿಗೆ ಬಿಚ್ಚಬೇಕು, ಅಲ್ಲಿಯವರೆಗೆ ಊಟವಿಲ್ಲ. ನನ್ನ ಕೈಯಲ್ಲಿ ಕೊನೆಯ ಸಲ ಪೆಟ್ಟಿಗೆ ಬಿಚ್ಚಿಸಿದ್ದು ನನಗೆ ಹದಿನಾಲ್ಕು ವರ್ಷವಿದ್ದಾಗ.

ಎಕಂಬಾದ ರೈತರು ಬೀದರಿನ ಸರಕಾರಿ ಕಚೇರಿಯಿಂದ ಒಂದು ಸಣ್ಣ ಪುಸ್ತಕ ತಂದಿದ್ದರು, ಹೊಸ ಸರಕಾರದ ಕನ್ನಡ ಪುಸ್ತಕ. ಅದರಲ್ಲಿ ಜೇನುಪೆಟ್ಟಿಗೆಯ ಚಿತ್ರ, ಅಳತೆ ಎಲ್ಲ ಇತ್ತು. ಪೆಟ್ಟಿಗೆಯೊಳಗೆ ಸಾಲಾಗಿ ಇಳಿಬಿಡುವ ಕಟ್ಟಿಗೆಯ ಚೌಕಟ್ಟುಗಳು, ಅವುಗಳಲ್ಲಿ ಹುಳು ಮೇಣದ ಹಟ್ಟಿ ಕಟ್ಟಬೇಕು. ಚಿತ್ರದಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ಸುತ್ತಲೂ ಸಂದಿ ಇತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು. ನಾನು ಓದಲಿಲ್ಲ. ಕೆಲಸ ಬಾರದ ಯಾವನೋ ಬರೆದ ಚಿತ್ರ ಇದು ಎಂದುಕೊಂಡೆ. ಸಾಗವಾನಿಯಲ್ಲಿ ನಾಲ್ಕು ಪೆಟ್ಟಿಗೆ ಮಾಡಿದೆ. ಚೌಕಟ್ಟುಗಳು ಅಲ್ಮಾರಿಯ ಖಾನೆಯಂತೆ ಗೋಡೆಗೆ ಸವರಿಕೊಂಡು ಇಳಿಯುತ್ತಿದ್ದವು, ನಡುವೆ ಕಾಗದ ತೂರುತ್ತಿರಲಿಲ್ಲ. ನಾಲ್ಕಕ್ಕೂ, ಹುಳುವಿನ ಬಾಗಿಲು ಕೊರೆಯುವ ಮೊದಲು, ನೀರು ಸುರಿದು ನೋಡಿಯೇ ಕೊಟ್ಟೆ.

ರೈತರು ಜಾಲಿಯ ಕಂಟಿಯಿಂದ ಜೇನುಹುಟ್ಟನ್ನು ಟೊಂಗೆಸಮೇತ ಕಡಿದು ತಂದು ಚೌಕಟ್ಟಿಗೆ ಕಟ್ಟಿದರು. ಮರುದಿನ ಹುಳುಗಳಿಲ್ಲ. ಮತ್ತೆ ತಂದರು, ಮತ್ತೆ ಹೋದವು. ಆ ಮೇಲೆ ಬಂದದ್ದೇ ಸಂತೆಯ ಮಾತು. "ಮಿಸ್ತ್ರಿ ಡಬ್ಬಿ ಮಾಡ್ಯಾನೋ, ಗೋರಿ ಮಾಡ್ಯಾನೋ. ಹುಳಾ ಸುದ್ದಾ ನಿಲ್ಲವಲ್ವು" ಎಂದರು. ಮಂದಿ ನಕ್ಕರು. ನಾನು ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಆ ವಾರವೇ ಭಾಲ್ಕಿಯ ಒಂದು ಮನೆಯವರು ಬಾಗಿಲಿನ ಕೆಲಸ ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು. ಕಾರಣ ಹೇಳಲಿಲ್ಲ.

ಪುಸ್ತಕ ಕೊಟ್ಟ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ರಾಜ್ಯ ಒಂದಾದ ಮೇಲೆ ಕರಾವಳಿಯಿಂದ ವರ್ಗವಾಗಿ ಬಂದವರು, ನಮ್ಮ ಬಿಸಿಲಿಗೆ ಬೇಸತ್ತಿದ್ದರು. ಜೇನಿನ ಬಗ್ಗೆ ತಮಗೇನೂ ಗೊತ್ತಿಲ್ಲ, ಆದರೆ ತಮ್ಮೂರ ಹತ್ತಿರ ಹೊಳೆ ಸಮುದ್ರ ಸೇರುವ ಕಡೆ ಒಂದು ಕುರ್ವೆ ಇದೆ, ಅಲ್ಲಿ ಒಬ್ಬಾಕೆ ಪೆಟ್ಟಿಗೆಯಲ್ಲೇ ಜೇನು ಸಾಕಿ ಅಂಗಡಿ ಇಟ್ಟಿದ್ದಾಳೆ ಎಂದರು. ಕುರ್ವೆ ಎಂದರೆ ಸುತ್ತ ನೀರಿರುವ ನಡುಗಡ್ಡೆ ಎಂದು ಅವರೇ ಬಿಡಿಸಿ ಹೇಳಿದರು. ರೈತರ ಮನೆಯಿಂದ ಒಂದು ಪೆಟ್ಟಿಗೆ ತರಿಸಿಕೊಂಡು, ಕಂಬಳಿಯಲ್ಲಿ ಸುತ್ತಿ ಹೊರಟೆ. ನನ್ನ ಪೆಟ್ಟಿಗೆಯಲ್ಲಿ ತಪ್ಪಿಲ್ಲ ಎಂದು ಆಕೆಯ ಬಾಯಿಂದ ಕೇಳಿ ಬರಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಕಲಬುರ್ಗಿಯವರೆಗೆ ಬಸ್ಸು. ಅಲ್ಲಿಂದ ರೈಲು, ಹೊಟಗಿಯಲ್ಲಿ ಇಳಿದು ಸಣ್ಣ ರೈಲು, ಹುಬ್ಬಳ್ಳಿಯಲ್ಲಿ ಮತ್ತೆ ಬಸ್ಸು. ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಗದಗಿನ ಹತ್ತಿರ ಒಬ್ಬ ಮುದುಕರು ಒಳಗೆ ಏನಿದೆ ಎಂದು ಕೇಳಿದರು. ಏನೂ ಇಲ್ಲ ಎಂದೆ. "ಏನಿಲ್ಲದ್ದನ್ನ ಇಷ್ಟು ಜ್ವಾಕಿ ಮಾಡ್ತಿ, ಏನರ ಇದ್ದಿದ್ರ ನಮಗ ಕುಂದ್ರಾಕೂ ಬಿಡ್ತಿದ್ದಿಲ್ಲ ನೋಡು" ಎಂದು ಅವರು ಪೆಟ್ಟಿಗೆಗೆ ಕೈ ಮುಗಿದರು. ಹುಬ್ಬಳ್ಳಿಯವರೆಗೂ ರೈಲಿನ ಡಬ್ಬಿಯವರೆಲ್ಲ ನನ್ನನ್ನು ಪೂಜಾರಿ ಎಂದೇ ಕರೆದರು.

ಮೂರನೆಯ ದಿನ ಬೆಳಿಗ್ಗೆ ದೋಣಿ ಹತ್ತಿದೆ. ಹುಟ್ಟು ಹಾಕುತ್ತಿದ್ದವರು ಅಂಗಡಿಯಾಕೆಯ ಗಂಡನೇ. ದೂರಕ್ಕೆ ಕೈ ತೋರಿಸಿ ಅದೇ ಸಮುದ್ರ ಎಂದರು. ನಾನು ಪೆಟ್ಟಿಗೆಗೆ ನೀರು ಸಿಡಿಯದಂತೆ ನೋಡಿಕೊಳ್ಳುತ್ತಿದ್ದೆ, ಸಮುದ್ರವನ್ನು ಸರಿಯಾಗಿ ನೋಡಿದ್ದು ವಾಪಸು ಬರುವಾಗ.

ಅಂಗಡಿ ಎಂದರೆ ಮನೆಯ ಜಗಲಿಯೇ. ಒಂದು ಹಲಗೆಯ ಮೇಲೆ ಮೇಣದಿಂದ ಮುಚ್ಚಳ ಬಿಗಿದ ಬಾಟಲಿಗಳು. ಹಿಂದೆ ಗೇರುಮರಗಳ ನೆರಳಲ್ಲಿ ಇಪ್ಪತ್ತರಷ್ಟು ಪೆಟ್ಟಿಗೆಗಳು, ಅವುಗಳ ಕಾಲು ನೀರು ತುಂಬಿದ ಕರಟಗಳಲ್ಲಿ. ಇರುವೆ ಹತ್ತದಿರಲಿ ಎಂದು ಹಾಗೆ ಮಾಡಿದ್ದರು. ಮರಗೆಲಸ ನೋಡಿ ನನಗೆ ಧೈರ್ಯ ಬಂತು. ಹಲಸಿನ ಹಲಗೆ, ಒರಟು ಮೊಳೆ, ಒಂದು ಪೆಟ್ಟಿಗೆಯ ಮೂಲೆಯಲ್ಲಂತೂ ಬೆಳಕು ಕಾಣುತ್ತಿತ್ತು. ಆದರೂ ಎಲ್ಲದರ ಬಾಗಿಲಲ್ಲೂ ಹುಳುಗಳ ಓಡಾಟ.

ಆಕೆಗೆ ನಲವತ್ತೈದು ಇರಬಹುದು. ಊರು ಕೇಳಿದಳು, ಬೀದರ ಎಂದೆ. ಅದು ನಿಜಾಮರದಲ್ಲವೇ ಎಂದಳು. ಈಗ ಮೈಸೂರು ರಾಜ್ಯ, ನಿಮ್ಮದೂ ಅದೇ ಎಂದೆ. "ಹೌದಂಬ್ರು. ಮೊನ್ನೆವರೆಗೆ ನಾವು ಬೊಂಬಾಯಿ. ಹುಳಕ್ಕೆ ಯಾರೂ ಹೇಳಲಿಲ್ಲ" ಎಂದು ನಕ್ಕಳು. ಚಮಚದಲ್ಲಿ ಜೇನು ಕೊಟ್ಟಳು. ತೆಳ್ಳಗಿತ್ತು, ನಮ್ಮ ಕಡೆಯದರಂತೆ ಎಳೆಯಾಗಿ ಇಳಿಯಲಿಲ್ಲ. ನೀರು ಬೆರೆಸಿದ್ದೀರಾ ಎಂದು ಕೇಳಿಬಿಟ್ಟೆ. ಇಲ್ಲಿಯ ಗಾಳಿಯಲ್ಲೇ ನೀರಿದೆ, ಬೆರೆಸುವ ಕೆಲಸ ನಮಗೆ ಉಳಿದಿಲ್ಲ ಎಂದಳು.

ಕಂಬಳಿ ಬಿಚ್ಚಿದೆ. ಪೆಟ್ಟಿಗೆ ನಮ್ಮೂರ ಒಬ್ಬ ಮಿಸ್ತ್ರಿ ಮಾಡಿದ್ದು, ಹುಳು ನಿಲ್ಲುತ್ತಿಲ್ಲ ಎಂದೆ. ಆ ಮಿಸ್ತ್ರಿ ನಾನೇ ಎಂದು ಹೇಳಲಿಲ್ಲ. ಆಕೆ ಮೂಲೆಗಳ ಮೇಲೆ ಕೈಯಾಡಿಸಿ, ಇಂಥ ಕೆಲಸ ತಾನು ಕಂಡಿಲ್ಲ ಎಂದಳು. ನನ್ನ ಎದೆ ಉಬ್ಬಿತು. ಆಮೇಲೆ ಒಂದು ಚೌಕಟ್ಟು ಎತ್ತಿ ಇಳಿಸಿದಳು, ಇನ್ನೊಂದು ಎತ್ತಿ ಇಳಿಸಿದಳು. ಕೈ ಚಾಚಿ, "ನಿಮ್ಮ ಕಿವಿ ಮೇಲೆ ಪೆನ್ಸಿಲ್ ಉಂಟಲ್ದಾ, ಕೊಡಿ" ಎಂದಳು.

ಬೀದರಿನಿಂದ ಅದು ಕಿವಿಯ ಮೇಲೆಯೇ ಇತ್ತು. ನನಗೆ ನೆನಪೇ ಇರಲಿಲ್ಲ.

ತನ್ನ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು, ಹುಳುಗಳ ನಡುವೆಯೇ, ಚೌಕಟ್ಟಿಗೂ ಗೋಡೆಗೂ ನಡುವೆ ಪೆನ್ಸಿಲ್ ಇಳಿಸಿದಳು. ಸಲೀಸಾಗಿ ಇಳಿಯಿತು. ನನ್ನದರ ಮೇಲೆ ಇಟ್ಟಳು. ಅಡ್ಡ ನಿಂತಿತು.

"ಹುಳ ಓಡಾಡೂಕೆ ಓಣಿ ಬೇಡ್ವಾ ಮಾರಾಯ್ರೆ? ನೀವು ಮನೆ ತುಂಬ ಗೋಡೆನೇ ಕಟ್ಟಿದ್ರೆ ಎಲ್ಲಿ ತಿರುಗ್ತ್ರಿ?"

ನೀವು ಎಂದಿದ್ದಳು, ನಿಮ್ಮ ಮಿಸ್ತ್ರಿ ಎನ್ನಲಿಲ್ಲ. ನಾನು ತಿದ್ದಲಿಲ್ಲ.

ಆಕೆಯೇ ಇನ್ನೊಂದು ಮಾತು ಕೇಳಿದಳು, ಯಾವ ಜೇನು ತಂದು ಪೆಟ್ಟಿಗೆಗೆ ಕೂಡಿದಿರಿ ಎಂದು. ನಮ್ಮ ಕಡೆ ಗೊತ್ತಿದ್ದದ್ದು ಎರಡೇ. ಕೋಟೆಯ ಗೋಡೆಗೆ ಜೋತುಬೀಳುವ ಹೆಜ್ಜೇನು, ಕಂಟಿಯಲ್ಲಿ ಅಂಗೈ ಅಗಲ ಒಂದೇ ಹಟ್ಟಿ ಕಟ್ಟುವ ಕೋಲುಜೇನು. ಕೋಲುಜೇನು ಎಂದೆ. ಆಕೆ ಗಂಡನನ್ನು ಕೂಗಿ ಕರೆದು ಹೇಳಿದಳು, ಇಬ್ಬರೂ ನಕ್ಕರು. ಆ ಎರಡೂ ಬಯಲಲ್ಲಿ ಬದುಕುವಂಥವು, ಅರಮನೆ ಕಟ್ಟಿಕೊಟ್ಟರೂ ಒಳಗೆ ನಿಲ್ಲವು. ಪೆಟ್ಟಿಗೆಗೆ ಬೇಕಾದದ್ದು ತುಡುವೆ, ಕತ್ತಲಲ್ಲಿ ಹಲವು ಹಟ್ಟಿ ಕಟ್ಟುವ ಜೇನು. ನಿಮ್ಮಲ್ಲೂ ಹಳೇ ಬಾವಿಯ ಕಲ್ಲುಸಂದಿಯಲ್ಲಿ, ಮರದ ಪೊಟರೆಯಲ್ಲಿ ಇದ್ದೀತು, ಹುಡುಕಿ ನೋಡಿ ಎಂದಳು.

ದೋಣಿಯಲ್ಲಿ ಕೂತು ವಾಪಸು ಬರುವಾಗ ಸಮುದ್ರ ನೋಡಿದೆ. ನನ್ನ ಕೈಯಲ್ಲಿ ಈಗ ಎರಡು ಮಾತಿದ್ದವು. ಒಂದು ನನ್ನನ್ನು ಉಳಿಸುವಂಥದ್ದು, ಇನ್ನೊಂದು ಮುಳುಗಿಸುವಂಥದ್ದು.

ಎಕಂಬಾಕ್ಕೆ ಹೋಗಿ ಮೊದಲನೆಯದನ್ನು ಮಾತ್ರ ಹೇಳಿದೆ. ನೀವು ತಂದ ಜೇನೇ ತಪ್ಪು ಎಂದೆ, ತುಡುವೆಯ ವಿಷಯ ವಿವರಿಸಿದೆ. ರೈತರು ದೊಡ್ಡ ಮನಸ್ಸಿನವರು. ಮನೆಮಂದಿಯ ಎದುರಿಗೇ ತಮ್ಮದು ತಪ್ಪಾಯಿತು ಎಂದರು, ಹೆಂಡತಿಗೆ ಹೇಳಿ ಹೋಳಿಗೆ ಮಾಡಿಸಿದರು. ತುಪ್ಪ ಹಾಕಿಸಿಕೊಂಡು ತಿಂದೆ. ಎಣ್ಣೆ ಹಚ್ಚಿ ಕೊಡುತ್ತೇನೆ ಎಂದು ಸುಳ್ಳು ಹೇಳಿ ನಾಲ್ಕೂ ಪೆಟ್ಟಿಗೆ ಮನೆಗೆ ತಂದು, ಚೌಕಟ್ಟುಗಳನ್ನು ಪೆನ್ಸಿಲ್ ದಪ್ಪಕ್ಕೆ ಸುತ್ತಲೂ ಕೆತ್ತಿದೆ. ಅಪ್ಪ ಇದ್ದಿದ್ದರೆ ನನ್ನ ಕೈಯಿಂದ ಉಜ್ಜುಗೊರಡು ಕಸಿದುಕೊಳ್ಳುತ್ತಿದ್ದರು.

ಮಳೆ ಮುಗಿದ ಮೇಲೆ ರೈತರಿಗೆ ತಮ್ಮ ಹಾಳು ಬಾವಿಯ ಕಲ್ಲಿನಲ್ಲೇ ತುಡುವೆ ಸಿಕ್ಕಿತು. ಪೆಟ್ಟಿಗೆಗೆ ಕೂಡಿದರು. ನಿಂತಿತು. ಮುಂದಿನ ಸಂತೆಯಲ್ಲಿ ಅದೇ ಚಹಾದ ಅಂಗಡಿಯ ಮುಂದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಂದು ಕೇಳಿದ ಮಂದಿಗೇ ಹೇಳತೊಡಗಿದರು. ಮಿಸ್ತ್ರಿಯ ಕೆಲಸಕ್ಕೆ ಹೆಸರಿಟ್ಟದ್ದು ತಮ್ಮ ಮೂರ್ಖತನ, ಡಬ್ಬಿ ಮೊದಲ ದಿನದಿಂದಲೂ ಸರಿಯಿತ್ತು ಎಂದರು. ಭಾಲ್ಕಿಯ ಆ ಬಾಗಿಲಿನ ಮನೆಯವರೂ ಅಲ್ಲಿದ್ದರು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮಾಡದ ಕೆಲಸಕ್ಕೆ ಶಾಬಾಸಿ ತೆಗೆದುಕೊಂಡವನಲ್ಲ.

"ಡಬ್ಬಿನೂ ಸರಿ ಇದ್ದಿಲ್ಲರಿ" ಎಂದೆ. "ಒಳಗ ಸಂದಿ ಬಿಡಬೇಕಿತ್ತು, ನಾ ಬಿಟ್ಟಿದ್ದಿಲ್ಲ. ನೀವು ಖರೆ ಜೇನು ತಂದಿದ್ರೂ ನಿಲ್ತಿದ್ದಿಲ್ಲ. ಎಣ್ಣಿ ಹಚ್ತೇನಿ ಅಂತ ಒಯ್ದು ಕೆತ್ತಿ ತಂದೇನ್ರಿ."

ರೈತರು ಕಪ್ಪಿನಿಂದ ಬಸಿಗೆ ಸುರಿದುಕೊಂಡಿದ್ದ ಚಹಾ ಮುಗಿಸಿದರು.

"ಅಂದ್ರ ನಮ್ಮ ಮನ್ಯಾಗ ಹೋಳಿಗಿ ತಿಂದಿ, ತುಪ್ಪಾನೂ ಹಾಕಿಸ್ಕೊಂಡಿ, ಬಾಯಿ ಬಿಡ್ಲಿಲ್ಲ."

"ಹೌದ್ರಿ."

"ಇನ್ನ ನಾಕು ಡಬ್ಬಿ ಮಾಡು. ಈ ಸಲ ಹೋಳಿಗಿ ಇಲ್ಲ ನೋಡು."

ಮಂದಿ ನಕ್ಕರು. ಈ ಸಲ ನಾನು ಚಹಾ ಪೂರ್ತಿ ಕುಡಿದೇ ಎದ್ದೆ. ಭಾಲ್ಕಿಯವರು ಬಾಗಿಲಿನ ಮಾತು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಆ ಮನೆಗೆ ಬೇರೆಯವನು ಬಾಗಿಲು ಕೂರಿಸಿದ, ಮಳೆಗಾಲದಲ್ಲಿ ಅದು ಕಿರುಗುಟ್ಟುತ್ತದೆ.

ಹೊಸ ನಾಲ್ಕು ಪೆಟ್ಟಿಗೆಗಳ ಒಳಗೆ ಸುತ್ತಲೂ ಪೆನ್ಸಿಲ್ ಓಡಿಸಿ ನೋಡಿದೆ. ಆಮೇಲೆ ಬೂದಿ ಹರವಿ, ಹೊರಗೋಡೆಯ ಜೋಡಣೆ ಪರೀಕ್ಷಿಸಲು ಒಂದೊಂದಕ್ಕೂ ಒಂದು ಕೊಡ ನೀರು ಸುರಿದೆ. ಹನಿ ಬೀಳಲಿಲ್ಲ.