ಶಿವಪುತ್ರಪ್ಪನವರ ಮೂರು ಬಂದೂಕು

ಪುಣೆ ಕ್ಯಾಂಪಿನಲ್ಲಿ ಸೀರೆ ಅಂಗಡಿ ಇಟ್ಟಿರುವ ಶಿವಪುತ್ರಪ್ಪನವರ ಬಳಿ ಮೂರು ಬಂದೂಕುಗಳಿದ್ದವು. ಒಂದು ತಂದೆಯದು, ಒಂದು ಮಾವ ಬಿಟ್ಟುಹೋದದ್ದು, ಮತ್ತೊಂದು ಇಂದಾಪುರದ ಕಬ್ಬಿನ ಹೊಲಕ್ಕೆ ನುಗ್ಗುವ ಕಾಡುಹಂದಿಗಳಿಗೆಂದು ತಾವೇ ಕೊಂಡದ್ದು. ಮೂರಕ್ಕೂ ಲೈಸೆನ್ಸ್ ಇತ್ತು. ಹಂದಿಗಳು ಮಾತ್ರ ಇವರಿಗೆ ಒಮ್ಮೆಯೂ ಹೆದರಿರಲಿಲ್ಲ.

೨೦೧೯ರಲ್ಲಿ, ಇನ್ನು ಮೇಲೆ ಒಬ್ಬರಿಗೆ ಒಂದೇ ಬಂದೂಕು ಎಂಬ ತಿದ್ದುಪಡಿ ಬರುತ್ತದೆಂದು ಪೇಪರಿನಲ್ಲಿ ಓದಿ ಅವರಿಗೆ ಊಟ ಸೇರದಾಯಿತು. ಬಂದೂಕು ಉಳ್ಳವರನ್ನೆಲ್ಲ ಕೂಡಿಸಿ, ಮರಾಠಿಯಲ್ಲಿ ಅರ್ಜಿ ಬರೆಸಿದರು. "ಕಳ್ಳರೇನು ಲೈಸೆನ್ಸ್ ತಗೊಂಡು ಬರ್ತಾರೇನ್ರಿ? ನಮ್ಮಂಥವರ ಬೆನ್ನು ಯಾಕ ಹತ್ತತಾರ?" ಎಂದು ಅವರು ಕೇಳಿದಾಗ ಸಭೆ ಚಪ್ಪಾಳೆ ತಟ್ಟಿತು.

ಕೊನೆಗೆ ಕಾನೂನು ಎರಡಕ್ಕೆ ಒಪ್ಪಿತು. ಒಂದನ್ನು ಬಿಡಲೇಬೇಕಾಯಿತು.

"ನಿಮ್ಮಪ್ಪಂದು ಕೊಟ್ಟುಬಿಡೋಣೇನು?" ಎಂದು ಹೆಂಡತಿ ಶಿವಗಂಗವ್ವನನ್ನು ಮೆಲ್ಲಗೆ ಕೇಳಿದರು.

"ಕೊಡ್ರಿ. ಆಮ್ಯಾಲ ಊರಿಗೆ ಹೋಗಿ ನಮ್ಮವ್ವಗ ನೀವ ಹೇಳ್ರಿ."

ಅತ್ತೆಯ ಮುಂದೆ ನಿಲ್ಲುವ ಧೈರ್ಯವಿಲ್ಲದೆ, ತಾವು ಕೊಂಡದ್ದನ್ನೇ ಹಿಡಿದು, ಒಪ್ಪಿಸಿಬಿಡಲು ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯವನು ನಳಿಗೆಯೊಳಗೆ ಇಣುಕಿ, ಕಡ್ಡಿ ಹಾಕಿ ಕೆದಕಿದ. ಕಣಜದ ಹುಳು ಕಟ್ಟಿದ ಮಣ್ಣಿನ ಗೂಡೊಂದು ಪುಡಿಪುಡಿಯಾಗಿ ಮೇಜಿನ ಮೇಲೆ ಬಿತ್ತು.

ಶಿವಪುತ್ರಪ್ಪನವರು ರಸೀತಿ ತೆಗೆದುಕೊಂಡು ಮನೆಗೆ ಬಂದರು. ಬಾಗಿಲು ಹಾಕಿಕೊಂಡು ಉಳಿದೆರಡರ ನಳಿಗೆಯಲ್ಲೂ ಕಡ್ಡಿ ಆಡಿಸಿ ನೋಡಿದರು. ಈಗ ಪ್ರತಿ ರವಿವಾರ ಎರಡಕ್ಕೂ ಎಣ್ಣೆ ಹಚ್ಚಿ ಒರೆಸುತ್ತಾರೆ. ಶಿವಗಂಗವ್ವ ಕೇಳಿದರೆ, "ಹೊಸ ಕಾನೂನಿನಾಗ ಹಿಂಗ ಮಾಡಬೇಕಂತ ಅದ," ಎನ್ನುತ್ತಾರೆ.