ಕುಬಸದ ದಿನ ಬಾತ ಗಲ್ಲ

ಮೊನ್ನೆ ಬಸುರಿ ಸೊಸೆಯನ್ನು ರಾಮದುರ್ಗದ ಹಲ್ಲಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ತೆಗೆದದ್ದೇ ತಡ, ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಸೊಸೆ ಒಳಗೆ ಹೋದಳು. ನಾನು ಹೊರಗೆ ಕುಳಿತೆ, ಮನಸ್ಸು ಮಾತ್ರ ಕಟಕೋಳದ ನಮ್ಮ ಮನೆಯ ಹಳೆಯ ಪಡಸಾಲೆಗೆ ಹೋಗಿತ್ತು... ಎಪ್ಪತ್ತರ ದಶಕ. ಅಣ್ಣನ ಹೆಂಡತಿ, ನಮ್ಮ ವೈನಿ, ಆಗ ಚೊಚ್ಚಲ ಬಸುರಿ.

ನಾನು ಸಾಲಿ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹತ್ತಿದವನು. ಸ್ವಂತ ದುಡಿಮೆಯಲ್ಲಿ ಉಂಡವನು, ಯಾರನ್ನೂ ಬೇಡಿದವನಲ್ಲ. ಸಂಜೆ ಮನೆಗೆ ಬಂದರೆ, ಸುಣ್ಣ ತಿಂದ ನನ್ನ ಕೈಗೆ ಹಚ್ಚಿಕೊಳ್ಳಲು ಕೇಳದೆಯೇ ಎಣ್ಣೆ ತಂದಿಡುತ್ತಿದ್ದವಳು ವೈನಿ.

ಬಸುರಾದಾಗಿನಿಂದ ಆಕೆಯ ಒಸಡಿನಲ್ಲಿ ರಕ್ತ ಬರುತ್ತಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಅವ್ವ ಮಿಶ್ರಿಯ ಡಬ್ಬಿ ಕೊಟ್ಟಳು. ಸುಟ್ಟ ತಂಬಾಕಿನ ಪುಡಿ ಅದು. ತಿಕ್ಕಿಕೊಂಡರೆ ಅಮಲಿಗೆ ನೋವು ಮರೆಯುತ್ತಿತ್ತು, ಒಳಗೆ ಕೀವು ತುಂಬುತ್ತಿತ್ತು.

ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ. ಹಸಿರು ಸೀರೆ ಉಡಿಸಿ ಮಣೆಯ ಮೇಲೆ ಕೂಡಿಸಿದ್ದರು. ಓಣಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಬಾಯಿಗೆ ಹೋಳಿಗೆ ಇಡುತ್ತಿದ್ದರು. ಬಸುರಿ ಬೇಡ ಅನ್ನುವಂತಿಲ್ಲ. "ಒಂದ ಗಲ್ಲ ಹೆಂಗ ತುಂಬೇತಿ ನೋಡ್ರೆವಾ, ಗಂಡ ಹುಡುಗನ ಹುಟ್ಟತಾನ" ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. ವೈನಿಗೆ ನಗಲು ಬಾಯಿ ತೆರೆಯಲಾಗಲಿಲ್ಲ. ಆಕೆ ಅಗಿಯುತ್ತಲೇ ಇರಲಿಲ್ಲ, ನೀರು ಕುಡಿದು ತುತ್ತು ನುಂಗುತ್ತಿದ್ದಳು.

ಹೆಂಗಸರು ಎದ್ದು ಹೋಗುವಷ್ಟರಲ್ಲಿ ವೈನಿಯ ಮೈ ಕೆಂಡವಾಗಿತ್ತು. ಅಣ್ಣ ಲಾರಿಯ ಮೇಲೆ ಸೊಲ್ಲಾಪುರಕ್ಕೆ ಹೋಗಿದ್ದ. ರಾಮದುರ್ಗದ ಹಲ್ಲಿನ ಡಾಕ್ಟರರ ಹತ್ತಿರ ಒಯ್ಯಲು ನಾನು ಚಕ್ಕಡಿ ಹೂಡಿದೆ. ಅವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಬಸುರಿಯ ಬಾಯಿಗೆ ಇಕ್ಕಳದ ಕಬ್ಬಿಣ ಹಾಕಿದರೆ ಕೂಸು ದಕ್ಕುವುದಿಲ್ಲ, ಹಲ್ಲನ್ನು ಹಡೆದ ಮೇಲೆ ಕೀಳಿಸಿದರಾಯಿತು ಎಂದು ಆಕೆಯ ಹಟ. ಯಾರನ್ನೂ ಬೇಡದ ನಾನು ಅವ್ವನ ಕಾಲು ಹಿಡಿದೆ. ಆಕೆ ಸರಿಯಲಿಲ್ಲ.

ಆಗ ವೈನಿ ಗೋಡೆ ಹಿಡಿದು ಎದ್ದಳು. ಬಿಗಿದ ಹಲ್ಲಿನ ಸಂದಿಯಿಂದ ಮಾತು ಬಂತು. "ದಾರಿ ಬಿಡ್ರಿ ಅತ್ತಿ. ನಾ ಉಳದರ ಕೂಸು ಉಳಿತೈತಿ."

ಅವ್ವನಿಗೆ ಆಕೆ ಎದುರಾಡಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ದಾರಿಯುದ್ದಕ್ಕೂ ವೈನಿಯ ಒಂದು ಕೈ ಗಲ್ಲದ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ರಾಮದುರ್ಗದ ಮುದುಕ ಡಾಕ್ಟರರು ನೋಡಿದವರೇ ನನ್ನನ್ನು ಹೊರಗೆ ಕಳಿಸಿದರು. "ಹಲ್ಲು ಕಿತ್ತರ ಏನೂ ಆಗೂದಿಲ್ಲ. ಈ ಕೀವು ರಕ್ತಕ್ಕ ಇಳಿದರ ಇಬ್ಬರೂ ದಕ್ಕೂದಿಲ್ಲ." ಬಾಗಿಲು ಮುಚ್ಚಿತು. ಲವಂಗದೆಣ್ಣೆಯ ವಾಸನೆ ಮಾತ್ರ ಹೊರಗೆ ಬರುತ್ತಿತ್ತು. ಒಳಗಿಂದ ಒಂದು ನರಳಾಟವೂ ಕೇಳಲಿಲ್ಲ, ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ... ಆಮೇಲೆ "ತಮ್ಮಾ" ಎಂದು ವೈನಿ ಕರೆದಳು.

ನಾವು ಮರಳಿದಾಗ ಅವ್ವ ಅದೇ ಹೊಸ್ತಿಲ ಮೇಲೆ ಕುಳಿತಿದ್ದಳು. ವೈನಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಕೂಸು ಒದೆಯುವವರೆಗೂ ತೆಗೆಯಲಿಲ್ಲ. ಮಿಶ್ರಿಯ ಡಬ್ಬಿಯನ್ನು ತಾನೇ ತಿಪ್ಪೆಗೆ ಎಸೆದು ಬಂದಳು. ಹುಟ್ಟಿದ್ದು ಹೆಣ್ಣು.

"ಬರೇ ಹಲ್ಲು ಸ್ವಚ್ಛ ಮಾಡಿದರ್ರಿ ಮಾವಾರ, ಒಟ್ಟ ಬ್ಯಾನಿ ಆಗಲಿಲ್ಲ" ಎನ್ನುತ್ತ ನನ್ನ ಸೊಸೆ ದವಾಖಾನೆಯ ಒಳಗಿನಿಂದ ಹೊರಗೆ ಬಂದಳು. ಇದನ್ನು ವೈನಿಗೆ ಹೇಳಬೇಕು ಅನಿಸಿತು. ಕೇಳಿದ್ದರೆ, ಕಿತ್ತ ದವಡೆ ಹಲ್ಲಿನ ಕಿಂಡಿ ಕಾಣುವಷ್ಟು ಬಾಯಿ ತೆರೆದು ನಗುತ್ತಿದ್ದಳು... ಆಕೆ ತೀರಿಹೋಗಿ ಎಷ್ಟೋ ವರ್ಷಗಳಾದವು. ನಾನು ಸೊಸೆಯ ಚೀಲ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.