ಐದನೆಯ ತಳಿಯ ಹನ್ನೊಂದು ಗಿಡಗಳು

ಕೊರೊನಾ ಕಳೆದ ಮರುವರ್ಷ ಮಸಿನಗುಡಿಯಲ್ಲಿ ಒಂದು ಬೀಜದ ಕಂಪನಿಯವರು ಟೊಮೆಟೊ ತಳಿಗಳನ್ನು ಹೋಲಿಸಿ ನೋಡುವ ಪ್ರಯೋಗದ ತಾಕು ಮಾಡಿದ್ದರು. ಅಲ್ಲಿ ನಾನು ಹೆಣ್ಣಾಳುಗಳ ಮೇಸ್ತ್ರಿ. ನನ್ನ ಕೈಕೆಳಗೆ ನಾಲ್ವರು ಹೆಂಗಸರಿದ್ದರು. ನನ್ನ ತಮ್ಮ ಮಾದೇವ ಅದೇ ತಾಕಿನ ಫೀಲ್ಡ್ ಅಸಿಸ್ಟೆಂಟ್. ಗಿಡ ಎಣಿಸುವುದು, ಹಣ್ಣು ತೂಗುವುದು, ಅದನ್ನೆಲ್ಲ ಶೀಟಿನಲ್ಲಿ ಬರೆದು ಸಹಿ ಹಾಕುವುದು ಅವನ ಕೆಲಸ. ಅವನು ತೋಟಗಾರಿಕೆ ಡಿಪ್ಲೊಮಾ ಓದಿದವನು. ನನ್ನ ಓದು ಐದನೆಯ ತರಗತಿ, ಅದೂ ಗುಂಡ್ಲುಪೇಟೆ ಕಡೆಯ ಅಜ್ಜಿ ಊರಿನಲ್ಲಿ. ಅಮ್ಮ ಹೋದ ಮೇಲೆ ಮಾದೇವನನ್ನು ನೋಡಿಕೊಳ್ಳಲು ಶಾಲೆ ಬಿಟ್ಟು ಈ ಕಡೆ ಬಂದೆ. ಅವನು ನನಗಿಂತ ಒಂಬತ್ತು ವರ್ಷ ಚಿಕ್ಕವನು. ಇದನ್ನು ಮೊದಲೇ ಹೇಳುತ್ತಿರುವುದು ಅವನಿಗಾಗಿ ನಾನು ಏನು ಬಿಟ್ಟೆ ಎಂದು ತೋರಿಸಿಕೊಳ್ಳಲು ಅಲ್ಲ. ಎತ್ತಿ ಆಡಿಸಿದ ಕೈಯೇ ಅವನಿಗೆ ಏನು ಮಾಡಿತು ಎಂಬುದು ಓದುವವರಿಗೆ ತಿಳಿಯಲಿ ಎಂದು.

ಪ್ರಯೋಗದ ತಾಕು ಹೇಗಿರುತ್ತದೆ ಎಂದು ಹೇಳಬೇಕು. ನಮ್ಮದರಲ್ಲಿ ಎಂಟು ತಳಿಗಳಿದ್ದವು. ಒಂದೊಂದು ತಳಿಗೂ ಮೂರು ಮಡಿ, ಒಂದು ಮಡಿಗೆ ಇಪ್ಪತ್ತು ಗಿಡ. ಒಂದೇ ತಳಿಯ ಮೂರು ಮಡಿಗಳನ್ನು ಒಂದೇ ಕಡೆ ಮಾಡುವುದಿಲ್ಲ, ಚೀಟಿ ಎತ್ತಿ ಹೊಲದ ಮೂರು ಭಾಗಕ್ಕೆ ಹಂಚುತ್ತಾರೆ. ಒಂದು ಕಡೆ ಮಣ್ಣು ಚೆನ್ನಾಗಿದ್ದು ಇನ್ನೊಂದು ಕಡೆ ಕೆಟ್ಟದಾಗಿದ್ದರೆ, ಅದರ ಲಾಭವಾಗಲಿ ನಷ್ಟವಾಗಲಿ ಒಂದೇ ತಳಿಗೆ ಹೋಗಬಾರದು ಎಂದು. ತಳಿಯ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಮಡಿಯ ಮುಂದೆ ಗೂಟ, ಗೂಟದ ಮೇಲೆ ಟಿ-ಒಂದು, ಟಿ-ಎರಡು ಎಂದು ನಂಬರು ಅಷ್ಟೆ. ಸುತ್ತಲೂ ಗಡಿ ಸಾಲು. ಆ ಸಾಲಿಗೆ ಸೊರಗು ರೋಗ ತಡೆಯುವ ಬೇರೆ ತಳಿ ಹಾಕಿದ್ದರು. ಅದರ ಹಣ್ಣು ಲೆಕ್ಕಕ್ಕಿಲ್ಲ.

ನೆಟ್ಟ ಹತ್ತು ದಿನದೊಳಗೆ ಸತ್ತ ಸಸಿಯ ಜಾಗಕ್ಕೆ ಅದೇ ತಳಿಯ ಬೇರೆ ಸಸಿ ಇಡಬಹುದು. ಹತ್ತು ದಿನ ದಾಟಿದ ಮೇಲೆ ಮುಟ್ಟುವ ಹಾಗಿಲ್ಲ. ಸತ್ತದ್ದು ಸತ್ತ ಹಾಗೇ ಇರಬೇಕು. ಮೂವತ್ತನೆಯ ದಿನ, ನಲವತ್ತೈದನೆಯ ದಿನ, ಅರವತ್ತನೆಯ ದಿನ ಅದನ್ನು ಎಣಿಸಿ ಬರೆಯಲು ಶೀಟಿನಲ್ಲಿ ಬೇರೆ ಕಾಲಮ್ಮೇ ಇತ್ತು. ಮಾದೇವ ನಮ್ಮನ್ನು ಕೂರಿಸಿಕೊಂಡು ಇದನ್ನು ಎರಡು ಸಲ ಹೇಳಿದ್ದ. ನನಗೆ ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಇನ್ನೊಂದು ವಿಷಯ ನನ್ನ ಕೈಗುಣ. ನಮ್ಮ ಕಡೆ ಕೆಲವರ ಕೈಯಲ್ಲಿ ನೆಟ್ಟದ್ದು ಹಿಡಿಯುತ್ತದೆ, ಕೆಲವರ ಕೈಯಲ್ಲಿ ಹಿಡಿಯುವುದಿಲ್ಲ ಎನ್ನುತ್ತಾರೆ. ಮಸಿನಗುಡಿಯಲ್ಲಿ ಎಷ್ಟೋ ಹೊಲಗಳಿಗೆ ಮೊದಲ ಸಸಿ ನೆಡಲು ನನ್ನನ್ನೇ ಕರೆಯುತ್ತಿದ್ದರು. ನಮ್ಮ ತಾಕಿನ ಪಕ್ಕದ ಹೊಲದ ಕೆಂಪಣ್ಣನಂತೂ ನಾನು ಬರುವವರೆಗೆ ಸಸಿಯ ಟ್ರೇ ಇಳಿಸುತ್ತಲೇ ಇರಲಿಲ್ಲ. ಬೇರೆ ಯಾವುದರಲ್ಲೂ ನನಗೆ ಹೆಸರಿರಲಿಲ್ಲ, ಇದೊಂದರಲ್ಲಿ ಇತ್ತು.

ಆಷಾಢ ಕಳೆದ ವಾರ ನಾಟಿ ಮಾಡಿದೆವು. ಟಿ-ಐದರ ಸಸಿಗಳು ಬಡಕಲಾಗಿ ಉದ್ದಕ್ಕೆ ಬೆಳೆದಿದ್ದವು.

"ಅಕ್ಕೋ, ಇದ ನೀನೇ ನೆಡು. ಬರೀ ಕಡ್ಡಿ ಕಡ್ಡಿ ಆಗದ" ಎಂದ ಮಾದೇವ. "ಇದು ಬದುಕುದ್ರ ನಿನ್ ಕೈಗುಣ ನಿಜ ಅಂತ ನಾನೂ ಒಪ್ಕತೀನಿ."

"ಓದುದವ್ನು ನೀನು, ನಿಂಗ್ಯಾಕಪ್ಪ ಕೈಗುಣ?" ಎಂದೆ. ಹೆಂಗಸರು ನಕ್ಕರು. ಟಿ-ಐದರ ಅರವತ್ತು ಗಿಡವನ್ನೂ ನಾನೇ ನೆಟ್ಟೆ.

ಇಪ್ಪತ್ತೆರಡನೆಯ ದಿನ ಮಾದೇವ ಒಂದು ವಾರದ ತರಬೇತಿಗೆ ಊಟಿಗೆ ಹೋದ. ಮಾರನೆಯ ಬೆಳಿಗ್ಗೆ ಟಿ-ಐದರ ಒಂದು ಗಿಡ ತಲೆ ಬಗ್ಗಿಸಿತ್ತು. ಎಲೆ ಹಸಿರಾಗಿಯೇ ಇದೆ, ನೆಲ ಒದ್ದೆ ಇದೆ, ಗಿಡ ಮಾತ್ರ ಬಿಸಿನೀರು ಹುಯ್ದ ಹಾಗೆ ಜೋತಿದೆ. ಸಂಜೆಗೆ ಇನ್ನೆರಡು. ಅದು ಸೊರಗು ರೋಗ ಎಂದು ಮಣ್ಣಲ್ಲಿ ದುಡಿಯುವ ಯಾರಿಗಾದರೂ ಗೊತ್ತಾಗುತ್ತದೆ. ಕೆಂಪಣ್ಣ ಬೇಲಿಯ ಆಚೆಯಿಂದ ನೋಡಿ, "ಯಾನವ್ವ ನಾಗಮ್ಮ, ನಿನ್ ಕೈಗೂ ವಯಸ್ಸಾಯ್ತಾ?" ಎಂದು ನಕ್ಕ. ಸುಮ್ಮನೆ ಆಡಿದ ಮಾತು. ಅದು ನನಗೆ ನಾಟಿತು.

ಶೆಡ್ಡಿನ ಹಿಂದೆ ಗಡಿ ಸಾಲಿನ ತಳಿಯ ಗಿಡಗಳು ಚೀಲದಲ್ಲಿ ಮಿಕ್ಕಿದ್ದವು. ಅದೇ ವಯಸ್ಸಿನವು, ಗಟ್ಟಿಮುಟ್ಟಾದವು. ಮರುದಿನ ಹೆಂಗಸರು ಊಟಕ್ಕೆ ಹೋದಾಗ ಸತ್ತ ಮೂರನ್ನು ಕಿತ್ತು ಅವುಗಳ ಜಾಗದಲ್ಲಿ ಮೂರನ್ನು ಇಟ್ಟೆ. ಹೊಸದಾಗಿ ಅಗೆದದ್ದು ಕಾಣದಂತೆ ಮೇಲೆ ಸುತ್ತಲಿನ ಮಣ್ಣು ಎಳೆದೆ. ವಾರ ಮುಗಿಯುವಷ್ಟರಲ್ಲಿ ಹನ್ನೊಂದು ಗಿಡ ಬದಲಾಗಿದ್ದವು. ಬೇರೆ ಹೆಂಗಸರು ನೆಟ್ಟ ಮಡಿಗಳಲ್ಲೂ ಅಲ್ಲೊಂದು ಇಲ್ಲೊಂದು ಗಿಡ ಸೊರಗಿತ್ತು. ಅವುಗಳನ್ನು ನಾನು ಮುಟ್ಟಲಿಲ್ಲ. ನಿಯಮ ನನಗೆ ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಮಾದೇವ ಬಂದು ಮೂವತ್ತನೆಯ ದಿನದ ಎಣಿಕೆ ಮಾಡಿದ. ಟಿ-ಐದರ ಮುಂದೆ ಬಂದಾಗ ಎರಡು ಸಲ ಎಣಿಸಿದ. ಮೂರು ಮಡಿಯಲ್ಲೂ ಇಪ್ಪತ್ತಕ್ಕೆ ಇಪ್ಪತ್ತು. "ಒಂದೂ ಸತ್ತಿಲ್ಲ ಕಣಕ್ಕ. ಒಪ್ಪುದಿ ನಿನ್ ಕೈಗುಣವ" ಎಂದು ಶೀಟಿನಲ್ಲಿ ಸೊನ್ನೆ ಬರೆದ. ಪೆನ್ನು ಇನ್ನೂ ಅವನ ಕೈಯಲ್ಲಿತ್ತು. ಆಗ ಹೇಳಿದ್ದರೆ ಒಂದು ಗೀಟು ಎಳೆದು ಸರಿ ಮಾಡುತ್ತಿದ್ದ, ಬೈಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ನಾನು ನಕ್ಕೆ.

ಆಮೇಲೆ ಮಳೆ ನಿಂತಿತು. ನೆಲ ಒಣಗಿದ ಮೇಲೆ ರೋಗವೂ ನಿಂತಿತು. ಗಿಡ ಹೂ ಬಿಟ್ಟಿತು, ಕಾಯಿ ಕಟ್ಟಿತು. ವಾರಕ್ಕೆರಡು ಸಲ ಕೊಯ್ಲು. ಪ್ರತಿ ಮಡಿಯ ಹಣ್ಣು ಬೇರೆ ಕ್ರೇಟಿಗೆ, ಮಾರುವಂಥದ್ದು ಒಂದು ಕಡೆ, ಸೀಳಿದ್ದು ಹುಳ ಬಿದ್ದದ್ದು ಇನ್ನೊಂದು ಕಡೆ, ಎರಡನ್ನೂ ತೂಗಬೇಕು. ಐದು ಹಣ್ಣು ತೆಗೆದು ಸಿಪ್ಪೆಯ ಗಟ್ಟಿತನ, ಒಳಗಿನ ತೊಳೆಗಳ ಲೆಕ್ಕ ನೋಡಬೇಕು. ರಸದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿದರೆ ಸಿಹಿ ಎಷ್ಟಿದೆ ಎಂದು ತೋರಿಸುವ ಒಂದು ಕೊಳವೆ ಇತ್ತು. ಕೊನೆಗೆ ಹಣ್ಣನ್ನು ಟ್ರೇಯಲ್ಲಿಟ್ಟು ಎಷ್ಟು ದಿನಕ್ಕೆ ಮೆತ್ತಗಾಗುತ್ತದೆ ಎಂದು ಕಾಯಬೇಕು.

ಗಡಿ ತಳಿಯ ಹಣ್ಣಿಗೂ ಟಿ-ಐದಕ್ಕೂ ಗಾತ್ರ ಒಂದೇ. ಆದರೆ ಗಡಿ ತಳಿಯದು ಬಣ್ಣ ತಿರುಗುವಾಗ ತೊಟ್ಟಿನ ಸುತ್ತ ಹಸಿರು ಉಳಿಯುತ್ತಿತ್ತು. ಆ ಹನ್ನೊಂದು ಗಿಡಗಳನ್ನು ನಾನೇ ಬಿಡಿಸುತ್ತಿದ್ದೆ. ಹಸಿರು ಇಳಿಯಲಿ ಎಂದು ಒಂದು ಕೊಯ್ಲು ತಡೆದು ಬಿಡಿಸಿ ಕ್ರೇಟಿನ ಅಡಿಗೆ ಹಾಕುತ್ತಿದ್ದೆ. ಪರೀಕ್ಷೆಯ ಐದು ಹಣ್ಣನ್ನು ಮಾತ್ರ ನಿಜವಾದ ಟಿ-ಐದರಿಂದ ತರುತ್ತಿದ್ದೆ. ಮೊದಲು ಮಾಡಿದ್ದನ್ನು ಅಭ್ಯಾಸಬಲ ಎನ್ನಬಹುದೇನೋ. ಇದಕ್ಕೆ ಮೋಸ ಎನ್ನುವುದು ಬಿಟ್ಟರೆ ಬೇರೆ ಹೆಸರಿಲ್ಲ.

ಇಳುವರಿಯಲ್ಲಿ ಟಿ-ಐದು ಮೊದಲು ಬಂತು. ಸಿಹಿಯಲ್ಲೂ ಬಾಳಿಕೆಯಲ್ಲೂ ಅದೇ ಮುಂದು. ಸತ್ತ ಗಿಡದ ಕಾಲಮ್ಮಿನಲ್ಲಿ ಮೂರು ಸಲವೂ ಸೊನ್ನೆ. ರೈತರನ್ನು ಕರೆದು ತಾಕು ತೋರಿಸುವ ದಿನ ಕಂಪನಿಯ ಮೇಡಂ ಕೊಯಮತ್ತೂರಿನಿಂದ ಬಂದು ಮಾದೇವನ ಬೆನ್ನು ತಟ್ಟಿದರು. ಮುಂದಿನ ವರ್ಷ ಅವನನ್ನು ಕಾಯಂ ಮಾಡುವ ಮಾತು ಬಂತು. ಕೆಂಪಣ್ಣ ತನ್ನ ಒಂದು ಎಕರೆಗೂ ಟಿ-ಐದನ್ನೇ ಹಾಕುತ್ತೇನೆಂದ.

ಮುಂದಿನ ಮಳೆಗಾಲ ಕೆಂಪಣ್ಣ ತನ್ನ ಹೊಲದಲ್ಲಿ ಮೊದಲ ಸಸಿ ನೆಡಲು ನನ್ನನ್ನೇ ಕರೆದ. ಹೋಗಿ ನೆಟ್ಟೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದ.

ಕಾಯಿ ಹಿಡಿಯುವ ಹೊತ್ತಿಗೆ ನಾಲ್ಕು ದಿನ ಬಿಡದೆ ಮಳೆ ಬಂತು. ಐದನೆಯ ದಿನ ಒಂದು ಸಾಲು ಸೊರಗಿತು. ಹತ್ತನೆಯ ದಿನದ ಹೊತ್ತಿಗೆ ಹೊಲದ ಮುಕ್ಕಾಲು ಭಾಗ ಹಸಿರು ಕಾಯಿ ಸಮೇತ ಜೋತುಬಿದ್ದಿತ್ತು. ಕೆಂಪಣ್ಣ ಗಿಡಗಳಿಗೆ ಕೊಟ್ಟ ಆಸರೆ ಕೋಲುಗಳನ್ನು ಒಂದೊಂದಾಗಿ ಕಿತ್ತು ಹಾಕುತ್ತಿದ್ದ. ನನ್ನನ್ನು ನೋಡಿ ತಮಾಷೆ ಮಾಡಲಿಲ್ಲ.

ಮೇಡಂ ಬಂದರು. ಒಂದು ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರು. ನಾವೆಲ್ಲ ಸುತ್ತ ನಿಂತೆವು. ಸ್ವಲ್ಪ ಹೊತ್ತಿಗೆ ಕತ್ತರಿಸಿದ ಕಡೆಯಿಂದ ಹಾಲಿನ ಎಳೆಯ ಹಾಗೆ ಬೆಳ್ಳಗೆ ನೀರೊಳಕ್ಕೆ ಇಳಿಯತೊಡಗಿತು. ಅದು ರೋಗಾಣು. ಕಾಯಿಲೆ ಮಣ್ಣಿನಲ್ಲೇ ಇದೆ, ಇನ್ನು ಕೆಲವು ವರ್ಷ ಈ ಹೊಲಕ್ಕೆ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದೂ ಬೇಡ ಎಂದರು. ಆಮೇಲೆ ಹೋದ ವರ್ಷದ ಶೀಟು ತೆಗೆದರು. ಬೇಲಿಯ ಈಚೆ ನಮ್ಮ ತಾಕಿನಲ್ಲೂ ಅದೇ ಮಣ್ಣು. ಬೇರೆ ತಳಿಗಳಲ್ಲಿ ಸಾವು ಬರೆದಿದೆ. ಇಷ್ಟು ಬೇಗ ಸೊರಗುವ ತಳಿಯಲ್ಲಿ ಮಾತ್ರ ಸೊನ್ನೆ ಹೇಗೆ ಎಂದು ಕೇಳಿದರು.

"ಉಣ್ಮೈ ಸೊಲ್ಲುಂಗ, ತಂಬಿ" ಎಂದರು ಮಾದೇವನಿಗೆ. ನಿಜ ಹೇಳಿ, ತಮ್ಮ. "ಹೊಲಕ್ಕೆ ಹೋಗಿ ಎಣಿಸಿದಿರೋ, ಶೆಡ್ಡಿನಲ್ಲಿ ಕೂತು ಬರೆದಿರೋ?"

"ಎರಡೆರಡು ಸಲ ಎಣಿಸಿ ಬರೆದಿದ್ದೀನಿ ಮೇಡಂ" ಎಂದ.

"ಹಾಗಾದರೆ ಈ ಗಿಡ ಏನು ಹೇಳ್ತಿದೆ?"

ಅವನು ಲೋಟವನ್ನೇ ನೋಡುತ್ತ ನಿಂತ. ನಾನು ಅವನಿಂದ ಮೂರು ಹೆಜ್ಜೆ ದೂರದಲ್ಲಿದ್ದೆ. ಅವರು ಅವನನ್ನು ತಮ್ಮ ಎಂದು ಕರೆದರು, ಒಡಹುಟ್ಟಿದವಳು ನಾನು ಬಾಯಿ ಬಿಡಲಿಲ್ಲ. ಕೆಂಪಣ್ಣ ಅಲ್ಲೇ ಇದ್ದ, ನಾಲ್ವರು ಹೆಂಗಸರೂ ಇದ್ದರು. ಅವರೆದುರು ನನ್ನ ಕೈಗುಣ ಸುಳ್ಳಾಗುತ್ತದೆ ಎಂಬ ಅಳುಕು. ನನ್ನನ್ನು ತಡೆದದ್ದು ಅಷ್ಟೇ, ಅದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ವಾರದೊಳಗೆ ಮಾದೇವನ ಕೆಲಸ ಹೋಯಿತು. ಸುಳ್ಳು ಲೆಕ್ಕ ಬರೆದವನು ಎಂದು ಕಾಗದದಲ್ಲೇ ಬರೆದು ಕೊಟ್ಟರು. ಆ ಕಾಗದ ನೋಡಿ ಇನ್ಯಾರು ಕರೆಯುತ್ತಾರೆ? ಅವನು ಪಂದಲೂರಿಗೆ ಹೋಗಿ ಒಂದು ಚಹಾ ಫ್ಯಾಕ್ಟರಿಯಲ್ಲಿ ಸೊಪ್ಪು ಹೊರುವ ಕೆಲಸಕ್ಕೆ ಸೇರಿದ. ಮೊದಲು ಹಬ್ಬಕ್ಕೆ ಬರುತ್ತಿದ್ದ, ಆಮೇಲೆ ಅದೂ ನಿಂತಿತು.

ಎರಡು ವರ್ಷ ಹಾಗೇ ಕಳೆದೆ. ಹೋದ ಮಾಘದಲ್ಲಿ ಗೂಡಲೂರಿನಲ್ಲಿ ಬಸ್ಸು ಬದಲಾಯಿಸಿ ಪಂದಲೂರಿಗೆ ಹೋದೆ. ಫ್ಯಾಕ್ಟರಿ ಗೇಟಿನ ಎದುರಿನ ಚಹಾ ಅಂಗಡಿಗೆ ಮಾದೇವ ಬಂದ. ಮೈಮೇಲೆಲ್ಲ ಸೊಪ್ಪಿನ ಪುಡಿ. ಕೆನ್ನೆ ಒಳಕ್ಕೆ ಹೋಗಿತ್ತು. ಮಾತಿಗೆಂದು, ಫ್ಯಾಕ್ಟರಿಯಲ್ಲಿ ಓದಿದವರಿಗೆ ಬರೆಯುವ ಕೆಲಸ ಕೊಡುವುದಿಲ್ಲವೇ ಎಂದು ಕೇಳಿದೆ.

"ಕೊಟ್ರು. ಸೊಪ್ಪು ತೂಗಿ ಬರಿ ಅಂದ್ರು. ನಾನೇ ಒಲ್ಲೆ ಅಂದಿ" ಎಂದ. "ನನ್ ಕಣ್ಣು ಸರಿಯಿಲ್ಲ ಕಣಕ್ಕ. ಅವತ್ತು ಎರಡು ಸಲ ಎಣಿಸ್ದಿ, ಅರವತ್ತೂ ಕಾಣ್ತು. ಸತ್ತದ್ದ ನೋಡಕ ಬರ್ದವ್ನು ಬರ್ದು ಯಾನ ಮಾಡಾದು?"

ಎರಡು ವರ್ಷ ಅವನು ತನ್ನ ಕಣ್ಣನ್ನೇ ನಂಬದೆ ಬದುಕಿದ್ದ. ಅವನು ನನ್ನನ್ನು ಅನುಮಾನಿಸಿರಬಹುದು, ಬೈಯಬಹುದು ಎಂದು ಬಸ್ಸಿನಲ್ಲಿ ಎಲ್ಲ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ.

"ನಿನ್ ಕಣ್ಣು ಸರಿಯಾಗೇ ಅದ, ಮಾದೇವ" ಎಂದು ಎಲ್ಲವನ್ನೂ ಹೇಳಿದೆ.

ಅವನು ಕೂಗಾಡಲಿಲ್ಲ. ಚಹಾ ಆರಿ ಮೇಲೆ ಕೆನೆ ಕಟ್ಟಿತು. ಲೋಟವನ್ನು ಪಕ್ಕಕ್ಕೆ ಸರಿಸಿ ಕೇಳಿದ: "ಎಷ್ಟು ಗಿಡ?"

"ಹನ್ನೊಂದು."

"ಯಾವ್ ಮಡೀಲಿ ಎಷ್ಟು?"

"ಬೇಲಿ ಕಡೇದ್ರಲ್ಲಿ ನಾಕು. ನಡುವಿಂದ್ರಲ್ಲಿ ಐದು. ಶೆಡ್ ಹತ್ರದ್ರಲ್ಲಿ ಎರಡು."

ಅಂಗಡಿಯವನ ಹತ್ತಿರ ಪೆನ್ನು ಕೇಳಿದ. ಜೇಬಿನಿಂದ ಒಂದು ಚೀಟಿ ತೆಗೆದು ನಾಲ್ಕು, ಐದು, ಎರಡು ಎಂದು ಒಂದರ ಕೆಳಗೊಂದು ಬರೆದು, ಗೀಟೆಳೆದು, ಹನ್ನೊಂದು ಎಂದು ಕೂಡಿಸಿದ. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ. "ಗೂಡಲೂರ್ ಬಸ್ಗ ಹೊತ್ತಾಯ್ತು, ಹೊರಡು" ಎಂದು ಎದ್ದುಹೋದ. ಅಕ್ಕ ಎನ್ನಲಿಲ್ಲ. ಆಮೇಲೆ ಫೋನು ಎತ್ತಿಲ್ಲ.

ಮೇಡಮ್ಮಿಗೂ ಬರೆಸಿ ಹಾಕಿದೆ. ಆ ತಳಿಯನ್ನು ನಿಲ್ಲಿಸಿದ್ದೇವೆ, ನಿಮ್ಮ ಕಾಗದವನ್ನು ಫೈಲಿನಲ್ಲಿ ಇಟ್ಟಿದ್ದೇವೆ ಎಂದು ಉತ್ತರ ಬಂತು. ಮಾದೇವನನ್ನು ಮತ್ತೆ ಕರೆಯುವ ವಿಷಯ ಅದರಲ್ಲಿ ಇರಲಿಲ್ಲ. ಕೆಂಪಣ್ಣನಿಗೆ ಅವನ ಹೊಲದಲ್ಲೇ ನಿಂತು ಹೇಳಿದೆ. ಅಲ್ಲಿ ಈಗ ರಾಗಿ ಇದೆ. ಕೇಳಿಸಿಕೊಂಡು ಬೇಲಿಯ ಗೇಟು ಹಾಕಿಕೊಂಡ.

ಈಗ ನಾನು ನಂಜನಾಡಿನ ಕಡೆ ಎಲೆಕೋಸಿನ ತೋಟದಲ್ಲಿ ಕೂಲಿ. ಮೊದಲ ಸಸಿ ನೆಡಲು ಯಾರು ಕರೆದರೂ ಹೋಗುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಸತ್ತ ಗಿಡದ ಜಾಗ ಖಾಲಿಯಾಗಿಯೇ ಇರಬೇಕು. ಮುಂದೆ ನೆಡುವವನು ಅದನ್ನು ನೋಡಬೇಕು. ಸಾಲಿನ ನಡುವೆ ಒಣಗಿದ ಸಸಿ ಕಂಡರೆ ಇವತ್ತಿಗೂ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಹಿಂದಕ್ಕೆ ಎಳೆದುಕೊಂಡು, ಒಂದು ಎಂದು ಎಣಿಸಿ, ಮುಂದಿನ ಗಿಡಕ್ಕೆ ಹೋಗುತ್ತೇನೆ.